ಮಲೆನಾಡಿನ ರಾತ್ರಿಗೆ ಯಾವ ಹಾಸಿಗೆ ಹೊದಿಕೆ, ಯಾವ ಗಾಳಿ: ಆರಿಸಿಕೊಳ್ಳುವ ಬಗೆ

ಶಿವಮೊಗ್ಗ ಪೇಟೆಯಲ್ಲಿ ಏಪ್ರಿಲ್ ರಾತ್ರಿಯ ನಿದ್ದೆ ಕೆಡಿಸುವುದು ಸೆಕೆ. ಅದೇ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಜುಲೈನಲ್ಲಿ ಹಾಸಿಗೆಯನ್ನೇ ಕೆಡಿಸುವುದು ತೇವದ ಥಂಡಿ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಉತ್ತರ ಸಿಗುತ್ತದೆ: ‘ವಾಟರ್‌ಪ್ರೂಫ್ ಪ್ರೊಟೆಕ್ಟರ್ ಹಾಕಿಬಿಡಿ.’ ಅಂದರೆ ಬೆಡ್‌ಶೀಟಿನ ಕೆಳಗೆ ಹಾಸಿಗೆಗೆ ಹಾಕುವ, ನೀರು ದಾಟದ ಹೊದಿಕೆ. ಬಯಲುಸೀಮೆಗೆ ಹೇಗೋ ಆದೀತು. ಮಲೆನಾಡಿನಲ್ಲಿ ಮಾತ್ರ, ನೀರು ತಡೆಯುತ್ತದೆಯೇ ಎಂದು ನೋಡುವ ಮೊದಲು ಆಷಾಢದ ಮಳೆಯಲ್ಲಿ ತೊಳೆದರೆ ಒಣಗುತ್ತದೆಯೇ ಎಂದು ನೋಡಬೇಕು. ಒಣಗದ ಹೊದಿಕೆ ಹಾಸಿಗೆಯನ್ನು ಕಾಯುವುದಿಲ್ಲ. ತಾನು ಬೂಷ್ಟು ಹಿಡಿದು ಹಾಸಿಗೆಗೂ ಹತ್ತಿಸುತ್ತದೆ.

ಬೆವರು ಎಲ್ಲಿಗೆ ಹೋಗುತ್ತದೆ

ಬೆವರದೆ ತಣ್ಣಗೆ ಇದ್ದರೂ ಚರ್ಮದಿಂದ ಮತ್ತು ಉಸಿರಿನಿಂದ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಆವಿಯಾಗಿ ಹೋಗುತ್ತದೆ. ಎಂಟು ತಾಸಿನ ನಿದ್ದೆಯ ಪಾಲು ಹೆಚ್ಚುಕಡಿಮೆ ಕಾಲು ಲೀಟರ್. ಸೆಕೆಯ ರಾತ್ರಿ ಬೆವರು ಇದರ ಮೇಲೆ ಸೇರುತ್ತದೆ. ಉಸಿರಿನ ಆವಿ ಕೋಣೆಗೆ ಹೋಗುತ್ತದೆ, ಬೆನ್ನಿನ ಕೆಳಗಿನದು ಹಾಸಿಗೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಮರುದಿನದ ಒಣ ಗಾಳಿಗೆ ಅದು ಹೊರಗೆ ಬಂದುಬಿಡುತ್ತದೆ. ಹಿಂದೆ ಉಳಿಯುವುದು ಉಪ್ಪು ಮತ್ತು ಮೈಯ ಎಣ್ಣೆ. ಎಣ್ಣೆ ಗಾಳಿಗೆ ಹಳಸಿದಾಗ ಮೂಡುವುದೇ ಹಾಸಿಗೆಯ ನಡುವಿನ ಹಳದಿ ಕಲೆ.

ಉಪ್ಪಿನ ಕೆಲಸ ಮಳೆಗಾಲದಲ್ಲಿ ಶುರು. ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಜೂನ್ ಬಂದೊಡನೆ ನೀರೊಡೆಯುವಂತೆಯೇ ಇದು. ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಗಾಳಿ ವಾರಗಟ್ಟಲೆ ಆ ಮಟ್ಟದಿಂದ ಕೆಳಗೆ ಇಳಿಯುವುದೇ ಅಪರೂಪ. ಬೇಸಿಗೆಯಲ್ಲಿ ಬೆವರು ಕುಡಿದ ಹಾಸಿಗೆ ಮಳೆಗಾಲದಲ್ಲಿ ಯಾರೂ ಮಲಗದಿದ್ದರೂ ತೇವವಾಗಿರುವುದು, ಮುಗ್ಗಲು ವಾಸನೆ ಬರುವುದು ಇದಕ್ಕೇ. ಹೊದಿಕೆ ಕೊಳ್ಳುವುದಾದರೆ ಜೂನ್‌ನಲ್ಲಲ್ಲ, ಫೆಬ್ರುವರಿಯಲ್ಲಿ ಕೊಳ್ಳಿ.

ಹೊದಿಕೆಗಳಲ್ಲಿ ಯಾವುದು

ಪೇಟೆಯಲ್ಲಿ ಸಿಗುವವನ್ನು ನಾಲ್ಕು ಬಗೆ ಮಾಡಬಹುದು: ಬರೀ ಹತ್ತಿಯದು, ಮೇಲೆ ಟವೆಲಿನಂಥ ಟೆರ್ರಿ ಬಟ್ಟೆ ಕೆಳಗೆ ಟಿಪಿಯು ಪದರ ಇರುವುದು, ಪಿವಿಸಿ ಅಥವಾ ರೆಕ್ಸಿನ್ ಥರದ ಪ್ಲಾಸ್ಟಿಕ್, ಮತ್ತು ಮೈಕ್ರೋಫೈಬರ್ ಹೊದಿಕೆ ಹೊಲಿದ ದಪ್ಪ ಪಾಲಿಯೆಸ್ಟರ್.

ಬೆವರಿನ ಚಿಂತೆ ಮಾತ್ರ ಇರುವ ದೊಡ್ಡವರಿಗೆ ನಮ್ಮ ಆಯ್ಕೆ ಬರೀ ಹತ್ತಿಯದು. ಅದು ನೀರನ್ನು ತಡೆಯುವುದಿಲ್ಲ, ಹೀರಿ ಹಿಡಿದುಕೊಳ್ಳುತ್ತದೆ. ಉಪ್ಪೂ ಎಣ್ಣೆಯೂ ಅದರಲ್ಲೇ ನಿಂತು ತೊಳೆದಾಗ ಹೋಗುತ್ತವೆ. ಆವಿ ಎರಡೂ ಕಡೆ ಓಡಾಡುವುದರಿಂದ ಬೆನ್ನು ಬಿಸಿಯಾಗುವುದಿಲ್ಲ. ಆದರೆ ಒಳಗೆ ದಪ್ಪ ಹತ್ತಿ ತುಂಬಿ ಹೊಲಿದದ್ದು ಬೇಡ. ಮಳೆಗಾಲದಲ್ಲಿ ಮೂರು ದಿನ ಹಗ್ಗದ ಮೇಲಿದ್ದರೂ ಅದರ ಹೊಲಿಗೆಯ ಸಾಲಿನಲ್ಲಿ ತೇವ ಉಳಿಯುತ್ತದೆ. ತೆಳುವಾದ ಎರಡು ಕೊಂಡು ಸರದಿಯಲ್ಲಿ ಬಳಸಿ. ಖರ್ಚೇ ಬೇಡ ಎನ್ನುವವರು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬೆಡ್‌ಶೀಟಿನ ಕೆಳಗೆ, ಭುಜದಿಂದ ಸೊಂಟದವರೆಗೆ ಹಾಸಲಿ. ಅತಿ ಹೆಚ್ಚು ಬೆವರು ಇಳಿಯುವ ಜಾಗ ಅಷ್ಟೇ. ಬಿಡಿಸಿ ಹರಡಿದರೆ ಫ್ಯಾನಿನ ಕೆಳಗೆ ಒಂದೇ ರಾತ್ರಿಯಲ್ಲಿ ಒಣಗುತ್ತದೆ. ಅಂಗಡಿಯ ಯಾವ ಹೊದಿಕೆಯೂ ಇದರಷ್ಟು ಬೇಗ ಒಣಗುವುದಿಲ್ಲ.

ಟಿಪಿಯು ಎಂದರೆ ಬಟ್ಟೆಯ ಬೆನ್ನಿಗೆ ಅಂಟಿಸಿದ ಬಹು ತೆಳುವಾದ ಪದರ. ದ್ರವ ದಾಟುವುದಿಲ್ಲ, ಆವಿ ನಿಧಾನವಾಗಿ ದಾಟುತ್ತದೆ. ‘ನಿಧಾನವಾಗಿ’ ಎನ್ನುವುದನ್ನು ಜಾಹೀರಾತುಗಳು ಹೇಳುವುದಿಲ್ಲ. ಗಾಳಿ ಒಣಗಿದ್ದಾಗ ಇದರ ಮೇಲೆ ಹಿತವಾಗಿ ಮಲಗಬಹುದು. ಹೊರಗೆ ಜಡಿಮಳೆ, ಕೋಣೆಯಲ್ಲೂ ತೇವದ ಗಾಳಿ ಇದ್ದಾಗ ಆವಿಯನ್ನು ಎಳೆದುಕೊಳ್ಳುವ ಒಣ ಕಡೆ ಎಲ್ಲೂ ಇಲ್ಲವಾದ್ದರಿಂದ ಬೆನ್ನು ಅಂಟಂಟಾಗುತ್ತದೆ. ಹಾಸಿಗೆ ಒದ್ದೆ ಮಾಡುವ ಮಗು, ಮಲಗಿದಲ್ಲೇ ಇರುವ ಹಿರಿಯರು, ದುಬಾರಿ ಮೆಮೊರಿ ಫೋಮ್ ಅಥವಾ ಲೇಟೆಕ್ಸ್ ಹಾಸಿಗೆ, ಈ ಮೂರರಲ್ಲಿ ಒಂದು ಮನೆಯಲ್ಲಿದ್ದರೆ ಟಿಪಿಯು ಬೇಕೇ ಬೇಕು. ಅದರ ಮೇಲೆ ಒಂದು ಹತ್ತಿ ಪದರ ಹಾಕಿ, ಅದರ ಮೇಲೆ ಬೆಡ್‌ಶೀಟ್ ಹಾಸಿ. ಟೆರ್ರಿಯಲ್ಲಿ ಹತ್ತಿ ಶೇ 80ರಷ್ಟಾದರೂ ಇರುವುದನ್ನು ಚೀಟಿ ನೋಡಿ ಆರಿಸಿ.

ಬರೀ ‘ವಾಟರ್‌ಪ್ರೂಫ್’ ಎಂದು ಬರೆದು ಪದರ ಯಾವುದೆಂದು ಹೇಳದಿದ್ದರೆ ಮನೆಯಲ್ಲಿ ಹೀಗೆ ಪರೀಕ್ಷಿಸಿ. ಲೋಟದಲ್ಲಿ ಕುದಿಸಿದ ನೀರು ಅರ್ಧ ತುಂಬಿಸಿ, ಬಾಯಿಗೆ ಹೊದಿಕೆಯ ಒಂದು ಮೂಲೆ ಮುಚ್ಚಿ, ಮೇಲೆ ತಣ್ಣಗಿನ ಒಣ ಗಾಜಿನ ಲೋಟ ಬೋರಲು ಹಾಕಿ. ಬಟ್ಟೆ ನೀರಿಗೆ ತಾಗಬಾರದು. ಐದು ನಿಮಿಷದಲ್ಲಿ ಮೇಲಿನ ಲೋಟದ ಒಳಗೆ ಮಂಜು ಕಟ್ಟಿದರೆ ಆವಿ ದಾಟುತ್ತಿದೆ. ಗಾಜು ಸ್ವಚ್ಛವಾಗಿಯೇ ಇದ್ದರೆ ಅದು ಪ್ಲಾಸ್ಟಿಕ್; ಹಿಂದಿರುಗಿಸಿ.

ಪಿವಿಸಿ ಹಾಳೆಯನ್ನು ಇಡೀ ಹಾಸಿಗೆಗೆ ಹಾಕಲೇಬೇಡಿ. ಮೇಲಿನ ಬೆವರು ಮೇಲೆಯೇ ಕೊಚ್ಚೆಯಾಗುತ್ತದೆ, ಹೊರಳಿದಾಗಲೆಲ್ಲ ಸದ್ದು ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು ಕೆಳಗೆ: ನೆಲದ ಕಡೆಯಿಂದ ಹಾಸಿಗೆಗೆ ಏರಿದ ತೇವ ಹೊರಗೆ ಹೋಗಲಾರದೆ ಹಾಳೆಯ ಅಡಿಯಲ್ಲಿ ಕಪ್ಪು ಚುಕ್ಕೆ ಚುಕ್ಕೆಯಾಗಿ ಬೂಷ್ಟು ಕಟ್ಟುತ್ತದೆ. ಮೆಡಿಕಲ್ ಅಂಗಡಿಯ ರಬ್ಬರ್ ಶೀಟನ್ನು ಬಾಣಂತಿ, ಮಗು, ರೋಗಿಗಳಿಗೆ ಬಟ್ಟೆಯ ಕೆಳಗೆ ಒಂದು ಮೊಳ ಅಗಲಕ್ಕೆ ಹಾಕುವುದು ಸರಿ. ಬೆಳಿಗ್ಗೆ ತೆಗೆದು ಒರೆಸಿ ಗಾಳಿಗೆ ಇಡಬೇಕು.

ಮೈಕ್ರೋಫೈಬರ್ ಮುಟ್ಟಲು ನುಣುಪು, ಬೇಗ ಒಣಗುತ್ತದೆ, ಅಗ್ಗ. ಆದರೆ ಪಾಲಿಯೆಸ್ಟರ್ ನೂಲು ಬೆವರು ಹೀರುವುದಿಲ್ಲ, ಮೈಯ ಎಣ್ಣೆಯನ್ನು ಮಾತ್ರ ಬಿಡದೆ ಹಿಡಿದುಕೊಳ್ಳುತ್ತದೆ. ಎಷ್ಟು ತೊಳೆದರೂ ಮರುಕಳಿಸುವ ಕಮಟು ವಾಸನೆ ಆ ಎಣ್ಣೆಯದು. ಬೆವರುವವರಿಗೆ ಇದು ಬೇಡ.

ಧೂಳಿನ ಅಲರ್ಜಿ, ಆಸ್ತಮಾ ಇರುವವರ ಲೆಕ್ಕ ಬೇರೆ. ಧೂಳಿನ ನುಸಿ ತೇವದ ಹಾಸಿಗೆಯಲ್ಲಿ ಸೊಂಪಾಗಿ ಬೆಳೆಯುತ್ತದೆ. ಅವರಿಗೆ ಮೇಲಿನ ಹೊದಿಕೆ ಸಾಲದು. ಆರೂ ಬದಿ ಮುಚ್ಚುವ ಜಿಪ್ ಗವಸು ಬೇಕು, ದಿಂಬಿಗೂ ಬೇಕು. ಹಾಸಿಗೆ ಚೆನ್ನಾಗಿ ಬಿಸಿಲು ಕಂಡ ದಿನವೇ ಹಾಕಬೇಕು. ತೇವದ ಹಾಸಿಗೆಗೆ ಗವಸು ಹಾಕಿ ಜಿಪ್ ಎಳೆದರೆ ತೇವವನ್ನು ಒಳಗೆ ಕೂಡಿಹಾಕಿದಂತೆ.

ಕೊಳ್ಳುವ ಮೊದಲು ಹಾಸಿಗೆಯ ಉದ್ದ, ಅಗಲದ ಜೊತೆ ದಪ್ಪವನ್ನೂ ಅಳೆಯಿರಿ. ಆರು ಅಂಗುಲದ ಹಾಸಿಗೆಗೆ ಹತ್ತು ಅಂಗುಲದ್ದು ಹಾಕಿದರೆ ಬೆನ್ನಡಿ ಸುಕ್ಕುಗಟ್ಟಿ ಅಲ್ಲೇ ಬೆವರು ನಿಲ್ಲುತ್ತದೆ. ಸುತ್ತ ಇಲಾಸ್ಟಿಕ್ ಇರುವುದಕ್ಕಿಂತ ನಾಲ್ಕು ಮೂಲೆಗೆ ಮಾತ್ರ ಪಟ್ಟಿ ಇರುವುದು ಮಲೆನಾಡಿಗೆ ಮೇಲು: ಹಗ್ಗದ ಮೇಲೆ ಚಪ್ಪಟೆಯಾಗಿ ಹರಡುತ್ತದೆ, ಅಂಚಿನಲ್ಲಿ ನೀರು ನಿಲ್ಲುವುದಿಲ್ಲ.

ಬೆಡ್‌ಶೀಟಿನ ವಿಷಯದಲ್ಲಿ ಒಂದೇ ಮಾತು. ದಾರದ ಎಣಿಕೆ 180ರಿಂದ 250ರ ನಡುವಿನ, ಸಾದಾ ನೇಯ್ಗೆಯ ಹತ್ತಿ ತಂಪು. 400, 600 ಎಂದು ಹೊಗಳಿ ಮಾರುವ ಹೊಳಪಿನ ಸ್ಯಾಟಿನ್ ನೇಯ್ಗೆಯವು ದಟ್ಟವಾಗಿದ್ದು ಗಾಳಿ ಬಿಡುವುದಿಲ್ಲ.

ಹಾಸಿಗೆ ಹೊಸದಾಗಿ ಕೊಳ್ಳುವುದಿದ್ದರೆ

ಮೆಮೊರಿ ಫೋಮ್ ಮೈಯನ್ನು ಸುತ್ತುವರಿದು ಕೂರಿಸಿಕೊಳ್ಳುವುದರಿಂದ ಬೆನ್ನು ನೋವಿನವರಿಗೆ ಹಿತ, ಸೆಕೆಯವರಿಗೆ ಕಷ್ಟ. ‘ಕೂಲ್ ಜೆಲ್’ ಎಂದು ಮೇಲೆ ನೀಲಿ ಪದರ ಹಾಕಿದ್ದರೆ ಮಲಗಿದಾಗ ತಣ್ಣಗೆ ಅನ್ನಿಸುತ್ತದೆ; ಜೆಲ್ ಮೈಯ ಬಿಸಿಗೆ ಬಂದ ಮೇಲೆ ಅದರ ಕೆಲಸ ಮುಗಿಯಿತು. ಆ ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ. ಸ್ಪ್ರಿಂಗ್ ಹಾಸಿಗೆಯ ಒಳಗೆ ಗಾಳಿ ಆಡುತ್ತದೆ, ತೂತುಗಳಿರುವ ಲೇಟೆಕ್ಸ್ ನಡುವಿನದು. ತೆಂಗಿನ ನಾರಿನದು ಗಟ್ಟಿ, ಗಾಳಿಯಾಡುವುದು, ಬೆಲೆಗೆ ತಕ್ಕದ್ದು. ಆದರೆ ಒಮ್ಮೆ ಒಳಗೆ ನೀರು ಹೋದರೆ ನಾರು ಕಪ್ಪಾಗಿ ಮುಗ್ಗುತ್ತದೆ.

ಬೂರುಗದ ಹತ್ತಿಯ ಹಾಸಿಗೆಯನ್ನು ಹಳೆಯದೆಂದು ತಳ್ಳಿಹಾಕುವವರು ಮತ್ತೊಮ್ಮೆ ಯೋಚಿಸಬೇಕು. ಬೂರುಗದ ಎಳೆಯ ಮೇಲೆ ಸಹಜವಾದ ಮೇಣದ ಲೇಪವಿದೆ, ಅದು ನೀರು ಹೀರುವುದಿಲ್ಲ. ಒಂದು ಹಗಲಿನ ಬಿಸಿಲಿಗೆ ಉಬ್ಬಿ ಹಗುರವಾಗುತ್ತದೆ. ಸಾಮಾನ್ಯ ಹತ್ತಿ ಬೆವರು ಕುಡಿದು ಗಂಟುಕಟ್ಟಿದರೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಬೇಕು. ಇವೆರಡಕ್ಕೂ ಇರುವ ದೊಡ್ಡ ಅನುಕೂಲ, ಒಬ್ಬರೇ ಸುತ್ತಿ ಅಂಗಳಕ್ಕೆ ಹೊತ್ತು ತರಬಹುದು. ಎಂಟು ಅಂಗುಲದ ಫೋಮ್ ಹಾಸಿಗೆಯನ್ನು ಬಿಸಿಲಿಗೆ ತರುವ ಮನೆ ಕಡಿಮೆ. ತಂದರೂ ಫೋಮನ್ನು ನೇರ ಬಿಸಿಲಿಗೆ ಇಡಬಾರದು, ಹಳದಿಯಾಗಿ ಪುಡಿಯಾಗುತ್ತದೆ. ಜಗಲಿಯ ನೆರಳಿನ ಗಾಳಿಗೆ ನಿಲ್ಲಿಸಿ.

ಹಾಸಿಗೆಯ ಕೆಳಗಡೆಯನ್ನು ಜನ ಮರೆಯುವುದೇ ಹೆಚ್ಚು. ಪ್ಲೈವುಡ್ ಹಲಗೆ ಬಡಿದ ಬಾಕ್ಸ್ ಮಂಚದಲ್ಲಿ ಕೆಳಗಿಳಿದ ಆವಿ ಹಲಗೆಗೆ ತಾಗಿ ಅಲ್ಲೇ ನೀರಾಗುತ್ತದೆ. ಹಾಸಿಗೆ ಎತ್ತಿ ನೋಡಿದರೆ ಮಲಗುವವರ ಆಕಾರದಲ್ಲೇ ಬೂಷ್ಟು ಕಾಣುತ್ತದೆ. ಬಡಗಿಯಿಂದ ಹಲಗೆಗೆ ಒಂದು ಅಂಗುಲದ ತೂತುಗಳನ್ನು ಗೇಣಿಗೊಂದರಂತೆ ಕೊರೆಸಿ, ಇಲ್ಲವೇ ಹಲಗೆ ತೆಗೆದು ಎರಡು ಅಂಗುಲ ಬಿಡುವು ಕೊಟ್ಟು ರೀಪು ಹೊಡೆಸಿ. ನೆಲದ ಮೇಲೆ ಹಾಸಿ ಮಲಗುವವರು ಕೆಳಗೆ ಚಾಪೆ, ಅದರ ಮೇಲೆ ಕಂಬಳಿ ಹಾಕಬೇಕು. ಉಣ್ಣೆ ತನ್ನ ತೂಕದ ಮೂರನೇ ಒಂದರ ಹತ್ತಿರದಷ್ಟು ತೇವ ಹೀರಿದರೂ ಮುಟ್ಟಲು ಒದ್ದೆ ಅನ್ನಿಸುವುದಿಲ್ಲ. ಬೆಳಿಗ್ಗೆ ಮಾತ್ರ ಮೂರನ್ನೂ ಎತ್ತಲೇಬೇಕು. ಮಳೆಗಾಲದಲ್ಲಿ ರೆಡ್‌ಆಕ್ಸೈಡ್ ನೆಲ ಬೆವರುತ್ತದೆ.

ಗಾಳಿ: ಫ್ಯಾನು, ಕೂಲರ್, ಎಸಿ

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಬೇಗ ಆರಿಸಿ ಮೈಯನ್ನು ತಂಪು ಮಾಡುತ್ತದೆ. ಆದ್ದರಿಂದ ಮಂಚ ಫ್ಯಾನಿನ ನೇರಕ್ಕೆ ಇರಬೇಕು, ರೆಕ್ಕೆ ನೆಲದಿಂದ ಎಂಟರಿಂದ ಒಂಬತ್ತು ಅಡಿ ಎತ್ತರದಲ್ಲಿರಬೇಕು. ಹಂಚಿನ ಮನೆಯ ಎತ್ತರದ ತೊಲೆಗೆ ಮೋಟು ರಾಡಿನಲ್ಲಿ ಕಟ್ಟಿದ ಫ್ಯಾನಿನ ಗಾಳಿ ಕೆಳಗೆ ಬರುವುದಿಲ್ಲ. ಉದ್ದದ ರಾಡ್ ಹಾಕಿಸಿ. ಮಂಚಕ್ಕೆ ಕಟ್ಟುವ ಸೊಳ್ಳೆ ಪರದೆ ಮೇಲಿನ ಗಾಳಿಯನ್ನು ಬಹಳಷ್ಟು ತಡೆಯುತ್ತದೆ. ಕಿಟಕಿಗೇ ಜಾಲರಿ ಹಾಕಿಸಿದರೆ ಪರದೆಯ ಅಗತ್ಯ ಕಡಿಮೆಯಾಗುತ್ತದೆ. ಪರದೆ ಬೇಕೇ ಬೇಕೆಂದರೆ ಅದರೊಳಗೆ ಪಕ್ಕದಿಂದ ಬೀಸುವಂತೆ ಟೇಬಲ್ ಫ್ಯಾನ್ ಇಡಿ.

ಹಳೆಯ ಫ್ಯಾನು 75 ವ್ಯಾಟ್ ಎಳೆದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಎಂಟು ತಾಸಿಗೆ 0.6 ಯೂನಿಟ್ ಬದಲು 0.24. ದುಡ್ಡಿಗಿಂತ ದೊಡ್ಡ ಲಾಭ ಬೇರೆಯದು: ಗಾಳಿಮಳೆಗೆ ಕರೆಂಟ್ ಹೋದ ರಾತ್ರಿ ಇನ್ವರ್ಟರಿನ ಬ್ಯಾಟರಿಯಲ್ಲಿ ಅದು ಎರಡು ಪಟ್ಟಿಗೂ ಹೆಚ್ಚು ಹೊತ್ತು ತಿರುಗುತ್ತದೆ.

ಕೂಲರ್ ಕೊಳ್ಳುವ ಮೊದಲು ಲೆಕ್ಕ ನೋಡಿ. ಮಾರ್ಚ್ ಮಧ್ಯಾಹ್ನ ಶಿವಮೊಗ್ಗದಲ್ಲಿ 36 ಡಿಗ್ರಿ ಬಿಸಿ, ಆರ್ದ್ರತೆ ಶೇ 30 ಇದ್ದರೆ ನೀರು ಆರುವುದರಿಂದ ಗಾಳಿ ಇಳಿಯಬಹುದಾದ ಕೊನೆಯ ಮಟ್ಟ ಸುಮಾರು 23 ಡಿಗ್ರಿ. ಕೂಲರ್ ಅಷ್ಟು ಇಳಿಸದಿದ್ದರೂ 26ರ ಹತ್ತಿರ ತರುತ್ತದೆ, ಭೇಷಾಗಿರುತ್ತದೆ. ಮಳೆ ಶುರುವಾದ ಮೇಲಿನ ರಾತ್ರಿ 26 ಡಿಗ್ರಿ, ಶೇ 85 ಆರ್ದ್ರತೆ ಇದ್ದರೆ ಕೊನೆಯ ಮಟ್ಟವೇ 24. ಎರಡು ಡಿಗ್ರಿಗಾಗಿ ಕೋಣೆಗೆ ಲೀಟರುಗಟ್ಟಲೆ ನೀರು ಊದಿ ಹಾಸಿಗೆಗೆ ಕುಡಿಸಿದಂತಾಗುತ್ತದೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆಯವರಿಗೆ ಫೆಬ್ರುವರಿ ಕೊನೆಯಿಂದ ಮೇ ಮೊದಲ ಮಳೆಯ ತನಕ ಕೂಲರ್ ಉಪಯೋಗ, ಅದೂ ಕಿಟಕಿ ತೆರೆದಿಟ್ಟು. ಘಟ್ಟದ ಅಂಚಿನವರು ಕೊಳ್ಳಲೇಬೇಡಿ.

ಎಸಿ ತಂಪಿನ ಜೊತೆಗೆ ತೇವವನ್ನೂ ತೆಗೆಯುತ್ತದೆ, ಹಾಸಿಗೆಗೆ ಅದರಿಂದ ನಿಜವಾದ ಉಪಕಾರ. ಸ್ಟಾರ್ ಗುರುತಿನ ಎಸಿಗಳು 2020ರಿಂದ 24 ಡಿಗ್ರಿಗೇ ಶುರುವಾಗುವಂತೆ ನಿಯಮವಿದೆ. ಅಲ್ಲಿಂದ ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. 27ಕ್ಕೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸಿದರೆ 24ರಷ್ಟೇ ಹಿತ. ಆದರೂ ಒಂದು ಟನ್ನಿನ ಇನ್ವರ್ಟರ್ ಎಸಿ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ತಿನ್ನಬಹುದು, ತಿಂಗಳಿಗೆ ನೂರೈವತ್ತರವರೆಗೆ. ಗೃಹಜ್ಯೋತಿಯಲ್ಲಿರುವ ಮನೆ 200 ಯೂನಿಟ್ ದಾಟಿದರೆ ಮೆಸ್ಕಾಂ ಬಿಲ್ ಪೂರ್ತಿ ಕಟ್ಟಬೇಕೆಂಬುದನ್ನು ಮರೆಯದೆ ಲೆಕ್ಕ ಹಾಕಿ. ಮಳೆಗಾಲದಲ್ಲಿ ಎಸಿಯ ಡ್ರೈ ಮೋಡನ್ನು ಸಂಜೆ ಎರಡು ತಾಸು ಬಾಗಿಲು ಮುಚ್ಚಿ, ಹೊದಿಕೆ ಸರಿಸಿ ಓಡಿಸಿದರೆ ಹಾಸಿಗೆ ಆರುತ್ತದೆ. ಎಸಿ ಇಲ್ಲದವರಿಗೆ ದಿನಕ್ಕೆ 10–12 ಲೀಟರ್ ತೆಗೆಯುವ ಡಿಹ್ಯೂಮಿಡಿಫೈಯರ್ ಇದೇ ಕೆಲಸ ಮಾಡುತ್ತದೆ, ಕೋಣೆಯನ್ನು ಸ್ವಲ್ಪ ಬಿಸಿ ಮಾಡುತ್ತದೆ. ಆಗುಂಬೆ, ಬಿದನೂರು ನಗರ, ಹುಲಿಕಲ್ ಕಡೆ ಮಳೆಗಾಲದ ರಾತ್ರಿ ಹೇಗೂ ತಂಪು, ಅಲ್ಲಿ ಎಸಿಗಿಂತ ಇದೇ ಸರಿ.

ಆರ್‌ಸಿಸಿ ಮನೆಯ ಮೇಲ್ಮಹಡಿಯಲ್ಲಿ ರಾತ್ರಿ ಹನ್ನೆರಡಾದರೂ ಸೆಕೆ ಇಳಿಯದಿದ್ದರೆ ಅದು ತಾರಸಿ ಹಗಲಿಡೀ ಕುಡಿದ ಬಿಸಿ. ತಾರಸಿಗೆ ಮಾರ್ಚ್‌ನಲ್ಲಿ ಎರಡು ಕೈ ಬಿಳಿ ಸುಣ್ಣ ಬಳಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಹಂಚಿನ ಮನೆ ಸಂಜೆಯೇ ತಣ್ಣಗಾಗುತ್ತದೆ, ಅದಕ್ಕೆ ಇದು ಬೇಡ.

ತೊಳೆಯುವುದು, ಒಣಗಿಸುವುದು

ಬೇಸಿಗೆಯಲ್ಲಿ ಬೆಡ್‌ಶೀಟ್ ಮತ್ತು ಹತ್ತಿ ಪದರ ವಾರಕ್ಕೊಮ್ಮೆ, ಟಿಪಿಯು ಹೊದಿಕೆ ತಿಂಗಳಿಗೊಮ್ಮೆ. ಹತ್ತಿಯದನ್ನು ಬಿಸಿನೀರಿನಲ್ಲಿ ತೊಳೆಯಬಹುದು. 60 ಡಿಗ್ರಿಯ ನೀರಿಗೆ ನುಸಿ ಸಾಯುತ್ತದೆ. ಟಿಪಿಯು ಹೊದಿಕೆಗೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಲಿಕ್ವಿಡ್ ಸೋಪು ಅಷ್ಟೇ. ಕ್ಲೋರಿನ್ ಬ್ಲೀಚ್, ಬಟ್ಟೆ ಮೃದು ಮಾಡುವ ದ್ರಾವಣ, ಇಸ್ತ್ರಿ ಯಾವುದೂ ಕೂಡದು. ಬ್ರಷ್ಷಿನಿಂದ ಉಜ್ಜಿದರೆ, ಹಗ್ಗದಂತೆ ಹಿಂಡಿದರೆ ಪದರ ಬಟ್ಟೆಯಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಹೊದಿಕೆ ಇನ್ನು ನೀರು ತಡೆಯುವುದಿಲ್ಲ.

ಒಂದು ಎಚ್ಚರಿಕೆ: ಟಿಪಿಯು ಅಥವಾ ಯಾವುದೇ ನೀರು ತಡೆಯುವ ಹೊದಿಕೆಯನ್ನು ವಾಷಿಂಗ್ ಮೆಷಿನ್ನಿನಲ್ಲಿ ಜೋರಾಗಿ ಸ್ಪಿನ್ ಮಾಡಬೇಡಿ. ನೀರು ಹೊರಗೆ ಹೋಗಲಾರದೆ ಹೊದಿಕೆಯೊಳಗೆ ಒಂದೇ ಕಡೆ ತುಂಬಿಕೊಳ್ಳುತ್ತದೆ, ಡ್ರಮ್ ಸಮತೋಲ ತಪ್ಪಿ ಮೆಷಿನ್ನೇ ಕುಣಿದು ಒಡೆಯಬಹುದು. ಕೈಯಲ್ಲಿ ಜಾಲಿಸಿ, ಬಚ್ಚಲಿನ ಕಟ್ಟೆಯ ಮೇಲೆ ಮಡಚಿಟ್ಟು ನೀರು ಇಳಿಸಿ, ಆಮೇಲೆ ಪದರದ ಕಡೆ ಒಣ ಟವೆಲಿನಿಂದ ಒತ್ತಿ.

ಮಳೆಗಾಲದಲ್ಲಿ ಹತ್ತಿ ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿ ಒಣಗಿಸುವುದು ನಮ್ಮ ಕಡೆ ಇದ್ದೇ ಇದೆ. ಹೊಗೆಯ ವಾಸನೆ ಹತ್ತಿದರೂ ಬೂಷ್ಟು ಬರುವುದಿಲ್ಲ. ಟಿಪಿಯು ಮತ್ತು ಪಾಲಿಯೆಸ್ಟರನ್ನು ಅಲ್ಲಿ ಹಾಕಬೇಡಿ, ಬಿಸಿಗೆ ಪದರ ಸುರುಟುತ್ತದೆ. ಅವನ್ನು ಕೋಣೆಯಲ್ಲಿ ಫ್ಯಾನಿನಡಿ, ಬಟ್ಟೆಯ ಕಡೆ ಹೊರಗೆ ಬರುವಂತೆ ಎರಡು ಹಗ್ಗಗಳ ಮೇಲೆ ಹರಡಿ, ಅರ್ಧ ದಿನದ ಬಳಿಕ ಮಗುಚಿ. ಮುಟ್ಟಿ ಒಣಗಿದೆ ಅನ್ನಿಸಿದ ಮೇಲೂ ಒಂದು ರಾತ್ರಿ ಬಿಟ್ಟು ಹಾಸಿ.

ಎದ್ದ ಕೂಡಲೇ ಹಾಸಿಗೆ ಸಜ್ಜು ಮಾಡಿ ಮುಚ್ಚಿಡುವ ಅಭ್ಯಾಸವನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡಿ. ಹೊದಿಕೆ ಕಾಲಿನ ಕಡೆಗೆ ಸರಿಸಿ ಒಂದು ತಾಸು ಫ್ಯಾನ್ ಹಾಕಿ. ಮಳೆ ಹೊಳವಾದಾಗ ಎದುರುಬದುರಿನ ಕಿಟಕಿ ತೆರೆದು ಹಾಸಿಗೆಯನ್ನು ಗೋಡೆಗೆ ತಾಗದಂತೆ ಒರಗಿಸಿ ನಿಲ್ಲಿಸಿ.

ಈಗಾಗಲೇ ಕಲೆ, ಬೂಷ್ಟು ಬಂದಿದ್ದರೆ

ಹಳದಿ ಕಲೆಗೆ ಮೆಡಿಕಲ್ ಅಂಗಡಿಯ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೋಟ, ಅಡುಗೆ ಸೋಡಾ ಎರಡು ಚಮಚ, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಬೆರೆಸಿ. ಕೂಡಲೇ ಬಳಸಿ, ಬಾಟಲಿಯಲ್ಲಿ ಮುಚ್ಚಿಟ್ಟರೆ ಅನಿಲ ಕಟ್ಟಿ ಸಿಡಿಯುತ್ತದೆ. ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಒತ್ತಿ, ಸುರಿಯಬೇಡಿ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ನೋಡಿ, ಬಣ್ಣ ಬಿಡಬಹುದು. ಅರ್ಧ ಗಂಟೆಯ ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನಿಗೆ ಬಿಡಿ. ಇದನ್ನು ಬಿಸಿಲಿರುವ ತಿಂಗಳಲ್ಲೇ ಮಾಡಬೇಕು.

ಬೂಷ್ಟು ಮೇಲಿನ ಬಟ್ಟೆಯಲ್ಲಿ ಮಾತ್ರ ಇದ್ದರೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒಯ್ದು ಒಣ ಬ್ರಷ್ಷಿನಿಂದ ಉದುರಿಸಿ, ಸ್ಪಿರಿಟ್ ಹಚ್ಚಿ ಒರೆಸಿ, ಎರಡು ದಿನ ಒಣಗಿಸಿ. ಹತ್ತಿಯ ಹಾಸಿಗೆಯಾದರೆ ಮೇಲಿನ ಬಟ್ಟೆ ಬದಲಿಸಿ ಹತ್ತಿಯನ್ನು ಬಿಸಿಲಿಗೆ ಹರಡಿ ಹಿಂಜಿಸಿದರೆ ಮತ್ತೆ ಬಳಸಬಹುದು. ಫೋಮಿನ ಅಥವಾ ನಾರಿನ ಒಳಗೇ ಕಪ್ಪು ಇಳಿದಿದ್ದರೆ, ಬಿಸಿಲಿಗೋ ಗಾಳಿಗೋ ಹಾಕಿದ ಮೇಲೂ ವಾಸನೆ ಮರಳಿದರೆ, ಅದನ್ನು ಉಳಿಸಿಕೊಳ್ಳಲು ಹೋಗಬೇಡಿ. ಮಕ್ಕಳು, ಉಬ್ಬಸದವರು ಮಲಗುವ ಕೋಣೆಯಿಂದ ಅಂದೇ ಹೊರಗೆ ಹಾಕಿ.

ಕೋಣೆ ತಂಪಾಗಿದ್ದೂ ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಜೊತೆಗೆ ಸಂಜೆ ಜ್ವರ, ತೂಕ ಇಳಿತ, ಅಥವಾ ಸಕ್ಕರೆ ಕಾಯಿಲೆಯವರಲ್ಲಿ ನಡುರಾತ್ರಿ ನಡುಕ ಕಂಡರೆ ಹೊದಿಕೆ ಹುಡುಕುವ ಮೊದಲು ವೈದ್ಯರನ್ನು ನೋಡಿ.